ಫೋರ್‌ವೀಲ್ ಬೇಕಾದದ್ದು ಹತ್ತಲಿಕ್ಕಷ್ಟೇ ಅಲ್ಲ, ಇಳಿಯಲಿಕ್ಕೂ

ಮಾನ್ಯ ಸಂಪಾದಕರೇ,

ಏಣೆಲು (ಮಳೆಗಾಲದ ಭತ್ತ) ಬೆಳೆಗೆ ಗದ್ದೆ ಹದ ಮಾಡುವ ಹೊತ್ತು ಬಂದಿದೆ. ಬ್ರಹ್ಮಾವರ, ಹೆಬ್ರಿ, ಕಾರ್ಕಳ, ಮೂಡುಬಿದಿರೆ ಕಡೆಯ ಡಾಮರು ರಸ್ತೆಗಳಲ್ಲಿ 20ರಿಂದ 30 ಎಚ್‌ಪಿಯ ಸಣ್ಣ ಟ್ರ್ಯಾಕ್ಟರುಗಳು ಮಣ್ಣು ಹುಡಿ ಮಾಡುವ ರೋಟವೇಟರ್ ಎತ್ತಿಕೊಂಡು ಒಂದು ಬೈಲಿನಿಂದ ಇನ್ನೊಂದಕ್ಕೆ ಓಡುತ್ತಿವೆ. ಇವುಗಳಲ್ಲಿ ಎಷ್ಟೋ ಟ್ರ್ಯಾಕ್ಟರುಗಳ ಮುಂದಿನ ಟಯರು ತಿರುವಿನಲ್ಲಿ ಕಿರ್ರನೆ ಉಜ್ಜುತ್ತದೆ. ಗದ್ದೆಯಲ್ಲಿ ಹಾಕಿದ ಫೋರ್‌ವೀಲ್, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಕೊಡುವ ಲಿವರ್, ತೆಗೆಯದೆ ರಸ್ತೆಗೆ ಬಂದದ್ದರ ಸದ್ದು ಅದು. ಅದೇ ಟ್ರ್ಯಾಕ್ಟರು ಮನೆಯಂಗಳದಿಂದ ಕೆಳಗಿನ ಅಡಿಕೆ ತೋಟಕ್ಕೆ ಗೊಬ್ಬರದ ಟ್ರೇಲರ್ ಕಟ್ಟಿಕೊಂಡು ಮುರಕಲ್ಲಿನ ದಾರಿಯಲ್ಲಿ ಇಳಿಯುವಾಗ ಮಾತ್ರ ಫೋರ್‌ವೀಲ್ ತೆಗೆದಿರುತ್ತದೆ. ಕೇಳಿದರೆ, ‘ಹತ್ತುವಾಗ ಸರಿ, ಇಳಿಯುವಾಗ ಯಾಕೆ?’ ಎನ್ನುತ್ತಾರೆ. ಎರಡೂ ಕಡೆ ಆಗುತ್ತಿರುವುದು ತಪ್ಪು. ಮೊದಲನೆಯದರಲ್ಲಿ ಹೋಗುವುದು ಟಯರು ಮತ್ತು ಗೇರು. ಎರಡನೆಯದರಲ್ಲಿ ಜೀವ.

ಆ ಲಿವರ್ ಒಳಗೆ ಏನು ಮಾಡುತ್ತದೆ ಎಂದು ತಿಳಿದರೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಲಿವರ್ ಹಾಕಿದಾಗ ಗೇರ್‌ಬಾಕ್ಸಿನಿಂದ ಹೊರಟ ಒಂದು ಶಾಫ್ಟು ಟ್ರ್ಯಾಕ್ಟರಿನ ಹೊಟ್ಟೆಯಡಿ ಹಾದು ಮುಂದಿನ ಆಕ್ಸಲನ್ನು ತಿರುಗಿಸುತ್ತದೆ. ಎಡ ಬಲ ಚಕ್ರಗಳ ನಡುವೆ ಡಿಫರೆನ್ಶಿಯಲ್ ಇದೆ, ಆದ್ದರಿಂದ ಅವು ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲವು. ಆದರೆ ಮುಂದಿನ ಆಕ್ಸಲು ಮತ್ತು ಹಿಂದಿನ ಆಕ್ಸಲುಗಳ ನಡುವೆ ಅಂಥದ್ದೇನೂ ಇಲ್ಲ. ಲಿವರ್ ಬಿದ್ದ ಮೇಲೆ ಇವೆರಡೂ ಒಂದಕ್ಕೊಂದು ಬಿಗಿದಂತೆ. ಸಾಲದ್ದಕ್ಕೆ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇ. 1ರಿಂದ 5ರಷ್ಟು ಹೆಚ್ಚು ದೂರ ಓಡುವಂತೆ ಗೇರನ್ನು ಕಂಪೆನಿಯವರೇ ಹೊಂದಿಸಿರುತ್ತಾರೆ. ಇದು ತಪ್ಪಲ್ಲ. ಕೆಸರಿನಲ್ಲಿ ಮುಂದಿನ ಚಕ್ರ ನೆಲವನ್ನು ಕಚ್ಚಿ ಮುಂದಕ್ಕೆ ಎಳೆಯಬೇಕಾದರೆ ಈ ಸ್ವಲ್ಪ ಮುನ್ನಡೆ ಬೇಕೇ ಬೇಕು.

ಗದ್ದೆಯಲ್ಲಿ ಬೇಕಾದ ಈ ಗುಣವೇ ಡಾಮರಿನಲ್ಲಿ ಕೇಡು. ಮುನ್ನಡೆ ಶೇ. 3 ಎಂದಿಟ್ಟುಕೊಳ್ಳಿ. ನೇರ ರಸ್ತೆಯಲ್ಲಿ ಹಿಂದಿನ ಚಕ್ರ 1 ಕಿ.ಮೀ. ಹೋಗುವಾಗ ಮುಂದಿನ ಚಕ್ರ 1,030 ಮೀಟರ್ ಹೋಗಲು ಹವಣಿಸುತ್ತದೆ. ಆ 30 ಮೀಟರ್ ಎಲ್ಲಿಗೂ ಹೋಗಲು ಜಾಗವಿಲ್ಲ. ಟಯರಿನ ಉಬ್ಬುಪಟ್ಟಿಗಳು ಡಾಮರಿನ ಮೇಲೆ ಉಜ್ಜಿ ತೀರಬೇಕು. ತಿರುವಿನಲ್ಲಿ ಇನ್ನೂ ಹೆಚ್ಚು. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 1.5 ಮೀಟರ್ ಅಂತರವಿರುವ ಟ್ರ್ಯಾಕ್ಟರು, ಹಿಂದಿನ ಆಕ್ಸಲಿನ ನಡುಭಾಗ 2 ಮೀಟರ್ ತ್ರಿಜ್ಯದಲ್ಲಿ ತಿರುಗುವಂತೆ ಗಲ್ಲಿಯೊಳಗೆ ತಿರುಗಿತೆನ್ನೋಣ. ಮುಂದಿನ ಆಕ್ಸಲಿನ ನಡುಭಾಗ ಆಗ 2.5 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಕಾಲು ಸುತ್ತಿಗೆ ಹಿಂದಿನದು ನಡೆಯುವುದು 3.14 ಮೀಟರ್, ಮುಂದಿನದು ನಡೆಯಬೇಕಾದ್ದು 3.93 ಮೀಟರ್. ಸುಮಾರು 80 ಸೆಂ.ಮೀ. ವ್ಯತ್ಯಾಸ. ಗೇರು ಕೊಡುವ ಮುನ್ನಡೆ ಹೆಚ್ಚೆಂದರೆ ಹತ್ತೋ ಹದಿನೈದೋ ಸೆಂ.ಮೀ. ಉಳಿದದ್ದಕ್ಕೆ ಕೆಸರಾದರೆ ಚಕ್ರ ಜಾರಿ ದಾರಿ ಮಾಡಿಕೊಳ್ಳುತ್ತದೆ. ಡಾಮರು, ಕಾಂಕ್ರೀಟು, ಇಂಟರ್‌ಲಾಕ್ ಹಾಕಿದ ಅಂಗಳ ಜಾರಲು ಬಿಡುವುದಿಲ್ಲ. ಆಗ ಆ ಎಳೆದಾಟವೆಲ್ಲ ಶಾಫ್ಟು, ಕಪ್ಲಿಂಗು, ಮುಂದಿನ ಆಕ್ಸಲಿನ ಬೆವೆಲ್ ಗೇರುಗಳ ಮೇಲೆ ಬೀಳುತ್ತದೆ.

ಹೀಗೆ ಬಿಗಿದುಕೊಂಡಾಗಲೇ ಲಿವರ್ ಹಿಂದಕ್ಕೆ ಬರುವುದಿಲ್ಲ. ‘ಲಿವರ್ ಸಿಕ್ಕಿಕೊಂಡಿದೆ’ ಎಂದು ಕಾಲಿನಿಂದ ಒದೆಯುವವರಿದ್ದಾರೆ, ಸುತ್ತಿಗೆಯಿಂದ ತಟ್ಟುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲಿವರ್ ಕೆಟ್ಟಿರುವುದಿಲ್ಲ, ಒಳಗೆ ಗೇರಿನ ಹಲ್ಲುಗಳು ಒತ್ತಿಕೊಂಡಿರುತ್ತವೆ, ಅಷ್ಟೆ. ಸ್ಟಿಯರಿಂಗ್ ನೇರ ಮಾಡಿ, ರಿವರ್ಸ್ ಗೇರಿನಲ್ಲಿ ನಿಧಾನ ನಾಲ್ಕೈದು ಅಡಿ ಹಿಂದಕ್ಕೆ ಹೋಗಿ, ಕ್ಲಚ್ ಪೂರ್ತಿ ಒತ್ತಿ ಲಿವರ್ ಎಳೆಯಿರಿ. ಬಿಗಿ ಸಡಿಲವಾಗಿ ಬೆರಳಿಗೆ ಬರುವಷ್ಟು ಹಗುರಾಗಿರುತ್ತದೆ. ರಸ್ತೆಯ ಪಕ್ಕದ ಹುಲ್ಲಿಗೋ ಮಣ್ಣಿಗೋ ಮುಂದಿನ ಚಕ್ರ ಇಳಿಸಿದರೂ ಆಗುತ್ತದೆ. ಗದ್ದೆಯಿಂದ ಹೊರಬರುವಾಗ ಕೊನೆಯ ಮಣ್ಣಿನ ತುಂಡಿನಲ್ಲೇ ಲಿವರ್ ತೆಗೆದರೆ ಈ ಕಷ್ಟವೇ ಇಲ್ಲ.

ಇಷ್ಟನ್ನು ಓದಿ, ಗಟ್ಟಿ ನೆಲದಲ್ಲಿ ಫೋರ್‌ವೀಲ್ ಮುಟ್ಟಲೇಬಾರದು ಎಂದು ತಿಳಿದರೆ ಇನ್ನೂ ದೊಡ್ಡ ತಪ್ಪಾದೀತು. ಈ ಪತ್ರ ಬರೆಯುವುದೇ ಮುಖ್ಯವಾಗಿ ಇಳಿಜಾರಿನ ವಿಷಯಕ್ಕೆ.

ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲುತ್ತದೆ. ಅಂದರೆ ಬ್ರೇಕ್ ಇರುವ ಚಕ್ರ ಹಗುರ, ಬ್ರೇಕ್ ಇಲ್ಲದ ಚಕ್ರ ಭಾರ. ಹಿಂದೆ ಟ್ರೇಲರ್ ಇದ್ದರಂತೂ ಅದು ಬೇರೆಯೇ ದೂಡುತ್ತದೆ. 6 ಅಡಿ ದೂರಕ್ಕೆ 1 ಅಡಿ ಇಳಿಯುವ ದಾರಿ ನಮ್ಮಲ್ಲಿ ವಿಶೇಷವೇನಲ್ಲ. ಮನೆಯಿಂದ ತೋಟಕ್ಕೆ ಹೋಗುವ ಎಷ್ಟೋ ದಾರಿಗಳು ಅದಕ್ಕಿಂತ ಕಡಿದು. ಅಂಥ ದಾರಿಯಲ್ಲಿ 1 ಟನ್ ತೂಕದ ಟ್ರೇಲರ್ ಸುಮಾರು 160 ಕೆ.ಜಿ. ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ಒತ್ತುತ್ತಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೇಲೆ ಹಾವಸೆ ಕಟ್ಟಿ ಎಣ್ಣೆ ಹಚ್ಚಿದಂತಿರುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ತಿರುಗುವುದು ನಿಲ್ಲುತ್ತದೆ, ಟ್ರ್ಯಾಕ್ಟರು ನಿಲ್ಲುವುದಿಲ್ಲ. ನಿಂತ ಚಕ್ರ ಜಾರುತ್ತಾ ಹೋಗುತ್ತದೆ, ಟ್ರೇಲರ್ ಅಡ್ಡ ತಿರುಗುತ್ತದೆ, ಆಮೇಲೆ ಆಪರೇಟರ್ ಏನು ಮಾಡಿದರೂ ಪ್ರಯೋಜನವಿಲ್ಲ. ದರೆಯಿಂದ ಕೆಳಗೆ ಬಿದ್ದ ಟ್ರ್ಯಾಕ್ಟರಿನ ಹತ್ತಿರ ನಿಂತವರು ‘ಬ್ರೇಕ್ ಹಿಡಿಯಲಿಲ್ಲ’ ಎನ್ನುತ್ತಾರೆ. ಬ್ರೇಕ್ ಹಿಡಿದಿರುತ್ತದೆ. ಹಿಡಿದ ಚಕ್ರಕ್ಕೆ ನೆಲದ ಮೇಲೆ ಹಿಡಿತ ಇರುವುದಿಲ್ಲ.

ಫೋರ್‌ವೀಲ್ ಹಾಕಿದ್ದರೆ ಮುಂದಿನ ಆಕ್ಸಲು ಹಿಂದಿನದಕ್ಕೆ ಬಿಗಿದಿರುತ್ತದೆ ಎಂದೆನಲ್ಲ, ಆ ಬಿಗಿತವೇ ಇಲ್ಲಿ ಕಾಪಾಡುವುದು. ಹಿಂದಿನ ಬ್ರೇಕ್ ಒತ್ತಿದಾಗ ಶಾಫ್ಟಿನ ಮೂಲಕ ಮುಂದಿನ ಚಕ್ರವೂ ತಡೆಯುತ್ತದೆ, ಅದೂ ಭಾರ ಹೆಚ್ಚಿರುವ ಚಕ್ರ. ಎಂಜಿನ್ನಿನ ಹಿಡಿತವೂ ಎರಡು ಚಕ್ರದ ಬದಲು ನಾಲ್ಕಕ್ಕೆ ಹಂಚಿಹೋಗುತ್ತದೆ. ದೊಡ್ಡ ಟ್ರ್ಯಾಕ್ಟರುಗಳ ಕೆಲವು ಮಾದರಿಗಳಲ್ಲಿ ಬ್ರೇಕ್ ಒತ್ತಿದ ಕೂಡಲೇ ಫೋರ್‌ವೀಲ್ ತಾನಾಗಿ ಬೀಳುವ ವ್ಯವಸ್ಥೆ ಇರುವುದು ಇದೇ ಕಾರಣಕ್ಕೆ. ನಮ್ಮ ಸಣ್ಣ ಟ್ರ್ಯಾಕ್ಟರುಗಳಲ್ಲಿ ಅದನ್ನು ಕೈಯಿಂದಲೇ ಮಾಡಬೇಕು.

ಮಾಡುವ ರೀತಿ ಹೀಗೆ. ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟು ಜಾಗದಲ್ಲಿ, ಪೂರ್ತಿ ನಿಲ್ಲಿಸಿ. ಎಡ ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ ಬಿದ್ದಿದೆಯೇ ನೋಡಿ. ಗದ್ದೆಯ ಮೂಲೆಯಲ್ಲಿ ತಿರುಗಿಸಲಿಕ್ಕೆಂದು ಕೊಂಡಿ ಬಿಚ್ಚಿದವರು ಅದನ್ನು ಮತ್ತೆ ಹಾಕಲು ಮರೆಯುತ್ತಾರೆ. ಇಳಿಜಾರಿನಲ್ಲಿ ಒಂದೇ ಪೆಡಲ್ ಕಾಲಿಗೆ ಸಿಕ್ಕರೆ ಟ್ರ್ಯಾಕ್ಟರು ಒಂದು ಬದಿಗೆ ಎಳೆದು ಮಗುಚುತ್ತದೆ. ಆಮೇಲೆ ಕ್ಲಚ್ ಒತ್ತಿ ಫೋರ್‌ವೀಲ್ ಹಾಕಿ. ಆ ಚಡಾವನ್ನು ಲೋಡ್ ಸಮೇತ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ, ಆಕ್ಸಲರೇಟರ್ ತಗ್ಗಿಸಿ ಇಳಿಯಿರಿ. ನಡುವೆ ಗೇರ್ ಬದಲಿಸಬಾರದು, ನ್ಯೂಟ್ರಲ್ ಮಾಡಬಾರದು, ಕ್ಲಚ್ಚಿನ ಮೇಲೆ ಕಾಲಿಡಬಾರದು. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಪೂರ್ತಿ ಹೋಗುತ್ತದೆ, ಉಳಿಯುವುದು ಬ್ರೇಕೊಂದೇ. ಕೆಳಗೆ ಸಮತಟ್ಟು ಸಿಕ್ಕಿದ ಮೇಲೆ, ಗಟ್ಟಿ ನೆಲವಾದರೆ, ಲಿವರ್ ತೆಗೆಯಿರಿ. ಕಾಂಕ್ರೀಟ್ ಹಾಕಿದ ಇಳಿಜಾರಿನಲ್ಲೂ ಇದೇ ಕ್ರಮ. ನೇರವಾಗಿ, ನಿಧಾನವಾಗಿ 30–40 ಮೀಟರ್ ಇಳಿಯುವಾಗ ಟಯರು ಸ್ವಲ್ಪ ಸವೆದರೆ ಸವೆಯಲಿ. ಕಾಂಕ್ರೀಟು ಒಣಗಿದೆಯಲ್ಲ ಎಂದು ಫೋರ್‌ವೀಲ್ ಬಿಡುವಷ್ಟು ಟಯರಿನ ಬೆಲೆ ದೊಡ್ಡದಲ್ಲ.

ಹತ್ತುವಾಗ ಫೋರ್‌ವೀಲ್ ಒಂದು ಮೋಸವನ್ನೂ ಮಾಡುತ್ತದೆ. ಎರಡು ಚಕ್ರದಲ್ಲಿ ಹತ್ತಲಾಗದ ಗುಡ್ಡೆಯನ್ನು ನಾಲ್ಕು ಚಕ್ರದಲ್ಲಿ ಹತ್ತಿಸಿಬಿಡುತ್ತದೆ. ಇಳಿಯುವ ದಾರಿ ಮಾತ್ರ ಅದೇ. ಹತ್ತುವಾಗಲೇ ಚಕ್ರ ಜಾರಿ ಜಾರಿ ಹೋಗುತ್ತಿದ್ದರೆ ಅದು ಟ್ರೇಲರ್ ಕಟ್ಟಿ ಇಳಿಯುವ ದಾರಿಯಲ್ಲ. ಲೋಡ್ ಅರ್ಧ ಮಾಡಬೇಕು, ಇಲ್ಲವೇ ದಾರಿಗೆ ಚರಳುಕಲ್ಲು ಹಾಕಿ ಗಟ್ಟಿ ಮಾಡಬೇಕು.

ಇನ್ನು ಗದ್ದೆ. ಇಲ್ಲಿ ನಡೆಯುವ ತಪ್ಪು ಲಿವರ್ ಹಾಕದಿರುವುದಲ್ಲ, ತಡವಾಗಿ ಹಾಕುವುದು. ಟ್ರ್ಯಾಕ್ಟರು ಎರಡು ಚಕ್ರದಲ್ಲಿ ಇಳಿದು, ಹೂತು, ಹಿಂದಿನ ಚಕ್ರ ಗಿರಗಿರ ತಿರುಗುತ್ತಿರುವಾಗಲೇ ಲಿವರ್ ಎಳೆಯುತ್ತಾರೆ. ತಿರುಗುತ್ತಿರುವ ಗೇರಿಗೆ ನಿಂತ ಗೇರು ಒಮ್ಮೆಲೇ ಸೇರುವಾಗ ಹಲ್ಲು ಮುರಿಯುವುದು ಆಗಲೇ. ಅಷ್ಟು ಹೊತ್ತಿಗೆ ಹಿಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿರುತ್ತದೆ, ಮುಂದಿನ ಎರಡು ಚಕ್ರ ಎಳೆದು ಮುಗಿಯುವಂಥದ್ದಲ್ಲ. ತಗ್ಗಿನ ಬೈಲು ಗದ್ದೆಯಾದರೆ ಕಟ್ಟಪುಣಿ (ಗದ್ದೆಯ ಬದು) ದಾಟುವ ಮೊದಲೇ, ನಿಂತು, ಚಕ್ರ ನೇರ ಮಾಡಿ, ಕ್ಲಚ್ ಒತ್ತಿ ಲಿವರ್ ಹಾಕಿಕೊಂಡೇ ಇಳಿಯಬೇಕು. ಎತ್ತರದ ಬೆಟ್ಟು ಗದ್ದೆಯ ಒಣ ಉಳುಮೆಗೆ ಹೆಚ್ಚಾಗಿ ಎರಡು ಚಕ್ರವೇ ಸಾಕು. ರೋಟವೇಟರಿನ ಕತ್ತಿಗಳು ನೆಲವನ್ನು ಹಿಂದಕ್ಕೆ ಒದೆಯುವಾಗ ಟ್ರ್ಯಾಕ್ಟರನ್ನು ತಾವೇ ಮುಂದಕ್ಕೆ ದೂಡುತ್ತವೆ. ಇವೆರಡರ ನಡುವಿನ ಮಜಲಿನಲ್ಲಿ ನೀರು ನಿಂತ ಭಾಗಕ್ಕೆ ಹಾಕಿ, ಗಟ್ಟಿ ಭಾಗದಲ್ಲಿ ತೆಗೆದರೆ ಸರಿ.

ಹಡಿಲು (ಬೇಸಾಯವಿಲ್ಲದೆ ಪಾಳು) ಬಿದ್ದ ಗದ್ದೆಗೆ ಇಳಿಸುವವರು ಇನ್ನೊಂದು ಮಾತು ಗಮನಿಸಬೇಕು. 2021ರಲ್ಲಿ ಉಡುಪಿ ಸುತ್ತಮುತ್ತ ಹಡಿಲು ಭೂಮಿ ಕೃಷಿಯ ಆಂದೋಲನ ನಡೆದಾಗಿನಿಂದ ವರ್ಷಗಟ್ಟಲೆ ನೇಗಿಲು ಕಾಣದ ಗದ್ದೆಗಳಿಗೆ ಯಂತ್ರಗಳು ಇಳಿದಿವೆ. ಇದು ಸಂತೋಷದ ಸಂಗತಿ. ಆದರೆ ಅಂಥ ಗದ್ದೆಗಳಲ್ಲಿ ತೋಡು ಹೂಳು ತುಂಬಿ ಎಲ್ಲಿತ್ತೆಂದೇ ತಿಳಿಯುವುದಿಲ್ಲ, ಮೇಲೆ ಹುಲ್ಲು ಹಾಸಿರುತ್ತದೆ. ಒಂದು ಉದ್ದ ಕೋಲಿಗೆ ಟ್ರ್ಯಾಕ್ಟರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರವೋ ಅಷ್ಟಕ್ಕೆ ಗುರುತು ಹಾಕಿ, ಐದು ಹೆಜ್ಜೆಗೊಮ್ಮೆ ಗದ್ದೆಗೆ ಚುಚ್ಚುತ್ತಾ ನಡೆಯಿರಿ. ಗುರುತು ಮುಳುಗುವ ಮೊದಲೇ ಕೋಲು ಗಟ್ಟಿ ನೆಲಕ್ಕೆ ತಾಗಿದರೆ ಅಡ್ಡಿಯಿಲ್ಲ. ಗುರುತು ಮುಳುಗಿದ ಜಾಗಕ್ಕೆ ಟ್ರ್ಯಾಕ್ಟರು ಹೋಗಬಾರದು, ಫೋರ್‌ವೀಲ್ ಇದ್ದರೂ ಅಷ್ಟೆ. ಹೊಟ್ಟೆ ಕೆಸರಿನ ಮೇಲೆ ಕೂತ ಮೇಲೆ ಚಕ್ರಕ್ಕೆ ಭಾರವಿಲ್ಲ. ಭಾರವಿಲ್ಲದ ಚಕ್ರ ನಾಲ್ಕಿದ್ದರೂ ಒಂದೇ, ಎರಡಿದ್ದರೂ ಒಂದೇ. ಅಂಥ ಗದ್ದೆಗೆ ಟಿಲ್ಲರೇ ಸರಿ.

ಹೂತರೆ ಏನು ಮಾಡಬೇಕು? ಚಕ್ರ ಒಂದು ಸುತ್ತು ತಿರುಗಿಯೂ ಟ್ರ್ಯಾಕ್ಟರು ಕದಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಿಟಿಒ (ರೋಟವೇಟರನ್ನು ತಿರುಗಿಸುವ ಶಾಫ್ಟು) ಬಿಡಿಸಿ ರೋಟವೇಟರ್ ಎತ್ತಿ. ಮುಂದಿನ ಚಕ್ರ ನೇರ ಮಾಡಿ. ತಿರುಗಿಸಿಟ್ಟ ಚಕ್ರ ಕೆಸರಿಗೆ ಅಡ್ಡ ಹಲಗೆ ಇಟ್ಟಂತೆ. ಬಂದ ಗುರುತಿನಲ್ಲೇ ರಿವರ್ಸ್ ಹೋಗಿ. ಒಂದು ಬದಿಯ ಚಕ್ರ ಮಾತ್ರ ತಿರುಗುತ್ತಿದ್ದರೆ ಬೇಕಾದ್ದು ಡಿಫರೆನ್ಶಿಯಲ್ ಲಾಕ್. ಇದನ್ನೂ ಫೋರ್‌ವೀಲನ್ನೂ ಒಂದೇ ಎಂದು ತಿಳಿಯುವವರು ಬಹಳ. ಫೋರ್‌ವೀಲ್ ಮುಂದು ಹಿಂದನ್ನು ಜೋಡಿಸುತ್ತದೆ, ಲಾಕ್ ಎಡ ಬಲವನ್ನು ಜೋಡಿಸುತ್ತದೆ. ಚಕ್ರ ಪೂರ್ತಿ ನಿಂತ ಮೇಲೆ ಲಾಕ್ ಒತ್ತಿ, ನೇರ ಹೋಗಿ, ಸ್ಟಿಯರಿಂಗ್ ತಿರುಗಿಸುವ ಮೊದಲು ಬಿಡಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಹೂತ ಹಿಂದಿನ ಚಕ್ರಗಳಿಗೆ ಅಡ್ಡ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಯುವುದು ಇನ್ನೂ ರೂಢಿಯಲ್ಲಿದೆ. ಚಕ್ರ ತಿರುಗಲಾಗದಿದ್ದಾಗ ಎಂಜಿನ್ನಿನ ಶಕ್ತಿ ಚಕ್ರದ ಬದಲು ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಆಕ್ಸಲಿನ ಸುತ್ತ ತಿರುಗಿಸುತ್ತದೆ. ಮುಂಭಾಗ ಎದ್ದು ಆಪರೇಟರ್ ಮೇಲೆ ಬೀಳಲು ಕ್ಷಣ ಸಾಕು, ಕ್ಲಚ್ ಒತ್ತುವಷ್ಟು ವ್ಯವಧಾನವೂ ಸಿಗುವುದಿಲ್ಲ. ಬೇರೆ ಟ್ರ್ಯಾಕ್ಟರಿನಿಂದ ಎಳೆಯುವುದಾದರೂ ಎಳೆಯುವ ಟ್ರ್ಯಾಕ್ಟರಿನ ಸರಪಳಿ ಹಿಂಬದಿಯ ಕೆಳಗಿನ ಡ್ರಾಬಾರಿಗೇ ಇರಬೇಕು. ಮೇಲಿನ ಟಾಪ್‌ಲಿಂಕಿನ ಕೊಂಡಿಗೆ ಕಟ್ಟಿದರೆ ಅದೂ ಹೀಗೆಯೇ ಎದ್ದು ನಿಲ್ಲುತ್ತದೆ.

ಅಡಿಕೆ ತೋಟದಲ್ಲಿ, ನೆಲ ಒಣಗಿದ್ದಾಗ, ಸಾಲಿನ ಕೊನೆಯಲ್ಲಿ ತಿರುಗುವಾಗ ಫೋರ್‌ವೀಲ್ ತೆಗೆಯಿರಿ. 9 ಅಡಿ ಅಂತರದ ಸಾಲಿನಲ್ಲಿ ತಿರುಗುವ ಜಾಗವೇ ಕಡಿಮೆ. ಹಾಕಿಕೊಂಡು ತಿರುಗಿದರೆ ತಿರುಗುವ ಸುತ್ತು ದೊಡ್ಡದಾಗುತ್ತದೆ, ಮುಂದಿನ ಚಕ್ರ ಮೇಲ್ಮಣ್ಣನ್ನು ಕೆರೆದು ಮೇಲೆಯೇ ಹಬ್ಬಿದ ಬೇರುಗಳನ್ನು ಹರಿಯುತ್ತದೆ.

ಟಯರು ಬದಲಿಸುವವರಿಗೆ ಒಂದು ಪರೀಕ್ಷೆ ಹೇಳಬೇಕು. ಶೇ. 1ರಿಂದ 5ರ ಮುನ್ನಡೆ ನಿಲ್ಲುವುದು ಟಯರಿನ ಅಳತೆಯ ಮೇಲೆ. ಹಿಂದಿನ ಟಯರು ಮಾತ್ರ ಹೊಸದು ಹಾಕಿ ಮುಂದಿನದು ಬೋಳಾಗಿದ್ದರೆ ಮುನ್ನಡೆ ಕಡಿಮೆಯಾಗಿ, ಕೆಲವೊಮ್ಮೆ ತಿರುಗುಮುರುಗಾಗಿ, ಮುಂದಿನ ಚಕ್ರ ಎಳೆಯುವ ಬದಲು ತಡೆಯತೊಡಗುತ್ತದೆ. ಮುಂದಿನದು ಹೊಸದು, ಹಿಂದಿನದು ಸವೆದದ್ದಾದರೆ ಮುನ್ನಡೆ ಮಿತಿಮೀರಿ ಹೊಸ ಟಯರು ಬೇಗ ಬೋಳಾಗುತ್ತದೆ. ನೋಡುವ ಬಗೆ ಸುಲಭ. ನಾಲ್ಕು ಟಯರಿಗೂ ಮಾನ್ಯುವಲಿನಲ್ಲಿ ಹೇಳಿದಷ್ಟೇ ಗಾಳಿ ತುಂಬಿಸಿ. ಒಂದು ಹಿಂದಿನ ಮತ್ತು ಒಂದು ಮುಂದಿನ ಟಯರಿನ ಪಕ್ಕಕ್ಕೆ ಚಾಕ್‌ಪೀಸಿನ ಗೆರೆ ಎಳೆಯಿರಿ. ಚರಳಿನ ಸಮತಟ್ಟು ದಾರಿಯಲ್ಲಿ ಫೋರ್‌ವೀಲ್ ಇಲ್ಲದೆ ನೇರ ಓಡಿಸಿ, ಹಿಂದಿನ ಚಕ್ರ 10 ಸುತ್ತು ತಿರುಗುವಾಗ ಮುಂದಿನದು ಎಷ್ಟು ತಿರುಗಿತು ಎಂದು ಪಕ್ಕದಲ್ಲಿ ನಡೆದವರು ಎಣಿಸಲಿ. 15½ ಎಂದಿಟ್ಟುಕೊಳ್ಳಿ. ಫೋರ್‌ವೀಲ್ ಹಾಕಿ ಅದೇ ಹಾದಿಯಲ್ಲಿ ಮತ್ತೆ ಎಣಿಸಿದರೆ 16 ಬಂತು. ಹೆಚ್ಚಾದ ಅರ್ಧ ಸುತ್ತನ್ನು 15½ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 3.2. ಸರಿಯಾಗಿದೆ. ಎರಡೂ ಒಂದೇ ಬಂದರೆ, ಅಥವಾ ಹಾಕಿದಾಗ ಕಡಿಮೆ ಬಂದರೆ, ಆ ಟಯರುಗಳ ಜೋಡಿ ಹೊಂದುವುದಿಲ್ಲ. ಹಿಂದಿನ ಟಯರು ಬಿಚ್ಚಿ ಪೂರ್ತಿ ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕುವವರೂ ಇದನ್ನು ನೆನಪಿಡಬೇಕು: ಅದರ ಸುತ್ತಳತೆ ಟಯರಿನದಕ್ಕಿಂತ ಬೇರೆಯಾದರೆ ಕೆಸರಿನಲ್ಲಿ ಹೇಗೋ ನಡೆಯುತ್ತದೆ, ಗಟ್ಟಿ ಪುಣಿ ಹತ್ತುವಾಗ ಗೇರಿಗೆ ಪೆಟ್ಟು.

ಕೆಸರಿನ ಕೆಲಸ ಮುಗಿದ ಮೇಲೆ ಮುಂದಿನ ಆಕ್ಸಲಿನ ಎಣ್ಣೆ ನೋಡುವವರು ಬಹಳ ಕಡಿಮೆ. ಬೈಹುಲ್ಲು, ನೈಲಾನ್ ದಾರ, ತೋಟದ ಡ್ರಿಪ್ ಪೈಪಿನ ತುಂಡು ಹಬ್ಬಿಗೆ ಸುತ್ತಿಕೊಂಡು ಸೀಲನ್ನು ಕೊರೆಯುತ್ತವೆ. ಬಿಸಿಯಾದ ಆಕ್ಸಲು ಗದ್ದೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿ ಆಡಲಿಕ್ಕಿರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರಂತೂ ಖಂಡಿತ. ಉಳುಮೆಯ ದಿನಗಳಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಆಕ್ಸಲಿನ ಕೆಳಗಿನ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಕೈಯೊಡ್ಡಿ. ರಾತ್ರಿಯೆಲ್ಲ ನಿಂತದ್ದರಿಂದ ನೀರಿದ್ದರೆ ಅಡಿಗೆ ಇಳಿದಿರುತ್ತದೆ, ಮೊದಲ ಹನಿಗಳಲ್ಲೇ ಬರುತ್ತದೆ. ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಬಸಿದು ಹೊಸ ಎಣ್ಣೆ ತುಂಬಿಸಿ, ಆದಷ್ಟು ಬೇಗ ಸೀಲ್ ಬದಲಿಸಿ. ಕದಡಿದ ಎಣ್ಣೆಯಲ್ಲಿ ಇಡೀ ಏಣೆಲು ಓಡಿಸಿದರೆ ಬೇರಿಂಗುಗಳಿಗೆ ತುಕ್ಕು ಹಿಡಿದು ಆಕ್ಸಲನ್ನೇ ಬಿಚ್ಚಬೇಕಾಗುತ್ತದೆ.

ಟ್ರ್ಯಾಕ್ಟರ್ ಮಾರುವವರಲ್ಲಿ ಮತ್ತು 2014-15ರಿಂದ ಹೋಬಳಿಗಳಲ್ಲಿ ನಡೆಯುತ್ತಿರುವ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳವರಲ್ಲಿ ಒಂದು ವಿನಂತಿ. ಕೀಲಿ ಕೊಡುವ ದಿನ ಸಮತಟ್ಟಾದ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ಸಾಲದು. ಹತ್ತಿರದ ಒಂದು ಇಳಿಜಾರಿಗೆ ಕರೆದೊಯ್ದು, ಖಾಲಿ ಟ್ರೇಲರ್ ಕಟ್ಟಿ, ಪೆಡಲಿನ ಕೊಂಡಿ ಹಾಕಿಸಿ, ಫೋರ್‌ವೀಲಿನಲ್ಲಿ ಇಳಿಸಿ, ಕೆಳಗೆ ಲಿವರ್ ತೆಗೆಯುವುದನ್ನು ಓಡಿಸುವವರ ಕೈಯಿಂದಲೇ ಎರಡು ಸಲ ಮಾಡಿಸಿ. ಅರ್ಧ ಗಂಟೆಯ ಕೆಲಸ. ಈಗ ಟ್ರ್ಯಾಕ್ಟರ್ ಹಿಡಿಯುವ ಹುಡುಗರಲ್ಲಿ ಹೆಚ್ಚಿನವರು ಟಿಲ್ಲರಿನಿಂದಲೋ ಪಿಕಪ್ಪಿನಿಂದಲೋ ಬಂದವರು. ಆ ಲಿವರನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

– ಕೃಷಿಯಂತ್ರ ಮೆಕ್ಯಾನಿಕ್, ಕಾರ್ಕಳ ತಾಲೂಕು